ನೂರು ಗಂಟೆ ಬೇಡುವ ಗೇಮ್: ಆಡಬೇಕೋ, ಬಿಡಬೇಕೋ?

ವಾರಕ್ಕೆ ಐದು ಗಂಟೆ. ಆಫೀಸು, ಅಡುಗೆಮನೆ, ಮಕ್ಕಳ ಹೋಮ್‌ವರ್ಕ್, ಭಾನುವಾರದ ನೆಂಟರಿಷ್ಟರು ಎಲ್ಲ ಕಳೆದ ಮೇಲೆ, ಗೇಮ್ ಆಡುವ ಆಸೆ ಇನ್ನೂ ಉಳಿಸಿಕೊಂಡಿರುವ ದೊಡ್ಡವರ ಕೈಗೆ ಸಿಗುವುದು ಹೆಚ್ಚೆಂದರೆ ಇಷ್ಟು. ‘ಎಲ್ಡನ್ ರಿಂಗ್’ನ ಮುಖ್ಯ ಕಥೆ ಮುಗಿಸಲು ಸುಮಾರು 60 ಗಂಟೆ ಬೇಕು ಎನ್ನುತ್ತವೆ ಆಟಗಾರರೇ ಬರೆದಿಟ್ಟ ಲೆಕ್ಕಗಳು. ಮೂಲೆಮೂಲೆ ಜಾಲಾಡಿದರೆ 130 ದಾಟುತ್ತದೆ. ಯುಗಾದಿಗೆ ಶುರು ಮಾಡಿದವರು ಅವಸರದಲ್ಲಿ ಆಡಿದರೆ ಆಷಾಢಕ್ಕೆ, ನಿಧಾನವಾಗಿ ಆಡಿದರೆ ದಸರೆಗೆ ಮುಗಿಸುತ್ತಾರೆ. ಅಷ್ಟೂ ದಿನ ಬೇರೆ ಗೇಮ್ ಇಲ್ಲ, ಪುಸ್ತಕ ಕಡಿಮೆ, ನಿದ್ದೆಯೂ ಸ್ವಲ್ಪ ಕಡಿಮೆ.

ಹಾಗಾಗಿ ‘ಇದು ಇಷ್ಟು ಸಮಯಕ್ಕೆ ತಕ್ಕದ್ದೇ?’ ಎಂದು ಕೇಳುವವರನ್ನು ಸೋಮಾರಿಗಳು ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾಲ್ಕು ಸಾವಿರ ರೂಪಾಯಿ ಗೇಮ್, ನೂರು ಗಂಟೆ ಆಟ, ಗಂಟೆಗೆ ನಲವತ್ತೇ ರೂಪಾಯಿ, ಮಲ್ಟಿಪ್ಲೆಕ್ಸ್‌ಗಿಂತ ಅಗ್ಗ ಎಂಬ ಲೆಕ್ಕ ಅದು. ಹದಿನೆಂಟರ ಹುಡುಗನಿಗೆ ಹಣದ ಅಭಾವ, ಸಮಯ ಧಾರಾಳ. ಅವನಿಗೆ ಈ ಲೆಕ್ಕ ಸರಿಯೇ. ಮೂವತ್ತೈದು ದಾಟಿದವರಿಗೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. ಅವರ ಮಟ್ಟಿಗೆ ಗಂಟೆಗಳು ಹೆಚ್ಚಿದಷ್ಟೂ ಗೇಮ್ ದುಬಾರಿ.

ದೊಡ್ಡದು, ಕಷ್ಟದ್ದು ಎಂಬ ಎರಡು ದೂರುಗಳನ್ನು ಒಟ್ಟಿಗೆ ಹೇಳುವುದು ರೂಢಿ. ಅವನ್ನು ಬೇರೆ ಮಾಡಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಸಮಯ ಹಾಳಾಗುವುದು ಬಹುತೇಕ ಅವುಗಳ ಗಾತ್ರದಿಂದ, ಕಷ್ಟದಿಂದಲ್ಲ. 2020ರ ‘ಅಸ್ಸಾಸಿನ್ಸ್ ಕ್ರೀಡ್ ವಲ್ಹಾಲಾ’ ತೆಗೆದುಕೊಳ್ಳಿ. ಒಂಬತ್ತನೇ ಶತಮಾನದ ಇಂಗ್ಲೆಂಡು, ನೋಡಲು ಕಣ್ಣಿಗೆ ಹಬ್ಬ. ಆದರೆ ಮ್ಯಾಪ್ ತೆರೆದರೆ ಚಿನ್ನದ ಬಣ್ಣದ ಚುಕ್ಕಿ, ನೀಲಿ ಚುಕ್ಕಿ, ಬಿಳಿ ಚುಕ್ಕಿ. ಒಂದೊಂದನ್ನೂ ಅಳಿಸುತ್ತ ಹೋಗುವುದೇ ಆಟ. ಆಡುವುದು ಸುಲಭ, ಆದರೆ ಹತ್ತನೇ ಗಂಟೆಯಲ್ಲಿ ಮಾಡಿದ್ದನ್ನೇ ಎಂಬತ್ತನೇ ಗಂಟೆಯಲ್ಲೂ ಮಾಡುತ್ತಿರುತ್ತೇವೆ. 2015ರ ‘ವಿಚರ್ 3’ರಲ್ಲೂ ಇಂಥ ಚುಕ್ಕಿಗಳಿವೆ, ಆದರೆ ಅಲ್ಲಿ ವೆಲೆನ್ ಎಂಬ ಜೌಗು ಪ್ರದೇಶದಲ್ಲಿ ಕುಡುಕ ಬ್ಯಾರನ್ ಒಬ್ಬ ಕಾಣೆಯಾದ ಹೆಂಡತಿ ಮಗಳನ್ನು ಹುಡುಕಿಕೊಡು ಎಂದು ಕೂರುವ ಕಥೆಯಿದೆ, ಆ ಒಂದು ಕಥೆಗಾಗಿ ಹತ್ತು ಚುಕ್ಕಿಗಳನ್ನು ಕ್ಷಮಿಸಬಹುದು.

ಎಲ್ಡನ್ ರಿಂಗ್ ದಾರಿಯೇ ಬೇರೆ. 2022ರ ಫೆಬ್ರವರಿ 25ರಂದು ಬಂದ ಈ ಗೇಮ್ ತಯಾರಿಸಿದ್ದು ಟೋಕಿಯೊದ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿದೆತಾಕ ಮಿಯಾಝಾಕಿ. 2009ರ ‘ಡೀಮನ್ಸ್ ಸೋಲ್ಸ್’, 2011ರ ‘ಡಾರ್ಕ್ ಸೋಲ್ಸ್’ ಮಾಡಿ, ಆಟಗಾರರನ್ನು ಮತ್ತೆ ಮತ್ತೆ ಸಾಯಿಸುವುದಕ್ಕೇ ಹೆಸರಾದ ಮನುಷ್ಯ. ಈ ಸಲ ಜಗತ್ತಿನ ಪೂರ್ವಕಥೆ ಹೆಣೆಯಲು ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್ ಜೊತೆಯಾದರು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಬಂತು. 2024ರ ಜೂನ್ ಹೊತ್ತಿಗೆ ಎರಡೂವರೆ ಕೋಟಿ ಪ್ರತಿಗಳು ಹೋಗಿದ್ದವು. ಸುಲಭ, ಮಧ್ಯಮ, ಕಠಿಣ ಎಂದು ಆಯ್ದುಕೊಳ್ಳುವ ಅವಕಾಶವೇ ಇಲ್ಲದ ಗೇಮ್ ಇಷ್ಟು ಜನರ ಮನೆ ಸೇರಿದ್ದು ಹೇಗೆ? ಉತ್ತರ ಮೊದಲ ಹತ್ತು ನಿಮಿಷದಲ್ಲೇ ಇದೆ.

ನೆಲಮಾಳಿಗೆಯಿಂದ ಬಾಗಿಲು ತಳ್ಳಿ ಲಿಮ್‌ಗ್ರೇವ್ ಎಂಬ ಹಸಿರು ನಾಡಿಗೆ ಕಾಲಿಡುತ್ತೀರಿ. ಎದುರಿಗೇ, ಪಾಳು ಚರ್ಚಿಗೆ ಹೋಗುವ ದಾರಿಯಲ್ಲಿ, ಚಿನ್ನದ ಕವಚ ತೊಟ್ಟ ಕುದುರೆ ಸವಾರ ಅಡ್ಡಾಡುತ್ತಿರುತ್ತಾನೆ. ಟ್ರೀ ಸೆಂಟಿನೆಲ್ ಎಂದು ಹೆಸರು. ಬೇರೆ ಗೇಮ್‌ಗಳ ಅಭ್ಯಾಸ ಇರುವವರು ‘ಮೊದಲ ಶತ್ರು ತಾನೆ’ ಎಂದು ಕತ್ತಿ ಹಿಡಿದು ಹೋಗುತ್ತಾರೆ. ಎರಡೇ ಏಟಿಗೆ ಮಣ್ಣು. ಮತ್ತೆ ಹೋಗುತ್ತಾರೆ, ಮತ್ತೆ ಮಣ್ಣು. ಮೂರನೆಯ ಸಲವೋ ಐದನೆಯ ಸಲವೋ ಹೊಳೆಯುತ್ತದೆ: ಇವನ ಜೊತೆ ಈಗ ಹೊಡೆದಾಡಲೇಬೇಕೆಂದು ಯಾರೂ ಹೇಳಿಲ್ಲ. ಮರಗಳ ಮರೆಯಲ್ಲಿ ಬಳಸಿಕೊಂಡು ಹೋದರೆ ಆಯಿತು. ಹತ್ತು ಗಂಟೆ ಕಳೆದು ನೀವೂ ಕುದುರೆ ಏರಿ ಬಂದಾಗ ಹಳೇ ಬಾಕಿ ತೀರಿಸಬಹುದು.

ಇಡೀ ಗೇಮ್‌ನ ಉಪಾಯ ಇದೇ. ಇದೇ ಕಂಪನಿಯ ಹಳೆಯ ಗೇಮ್‌ಗಳಲ್ಲಿ, ಬಹುತೇಕ, ಬಾಸ್ ಎನ್ನುವ ದೊಡ್ಡ ಶತ್ರು ದಾರಿ ಕಟ್ಟಿದರೆ ಅವನನ್ನು ಗೆಲ್ಲಬೇಕು, ಇಲ್ಲವೇ ಗೇಮ್ ಬದಿಗಿಡಬೇಕು. ಇಲ್ಲಿ ‘ಆಮೇಲೆ ನೋಡಿಕೊಳ್ಳೋಣ’ ಎಂದು ದಕ್ಷಿಣಕ್ಕೋ ಪೂರ್ವಕ್ಕೋ ಹೊರಟುಬಿಡಬಹುದು. ಗಾತ್ರವೇ ಇಲ್ಲಿ ಕಷ್ಟಕ್ಕೆ ಮದ್ದು. ಯಾವುದೇ ದೊಡ್ಡ, ಕಷ್ಟದ ಗೇಮ್ ಅಳೆಯಲು ನಾನು ಬಳಸುವ ಮೊದಲ ಪ್ರಶ್ನೆಯೂ ಇದೇ: ಒಂದು ಕಡೆ ಸೋತಾಗ ಇನ್ನೊಂದು ಕಡೆ ಹೋಗಿ ಸಂಜೆಯನ್ನು ಉಳಿಸಿಕೊಳ್ಳಲು ಅದು ಬಿಡುತ್ತದೆಯೇ? ಬಿಡದಿದ್ದರೆ ವಾರಕ್ಕೆ ಐದು ಗಂಟೆಯವರು ದೂರ ಇರುವುದು ಲೇಸು.

ಇನ್ನೊಂದು ಉದಾಹರಣೆ, ಸ್ವಲ್ಪ ಹತ್ತಿರದಿಂದ. ಲಿಮ್‌ಗ್ರೇವ್‌ನ ಉತ್ತರಕ್ಕೆ ಸ್ಟಾರ್ಮ್‌ವೇಲ್ ಕೋಟೆ. ಅದರ ಸೇತುವೆಯ ಮೇಲೆ ಮಾರ್ಗಿಟ್ ಎಂಬ ಕೊಂಬುಗಳ ದೈತ್ಯ. ಗೇಮ್ ಕೈಬಿಡುವವರಲ್ಲಿ ಎಷ್ಟೋ ಜನ ಬಿಡುವುದು ಇವನ ಕಾಲಬುಡದಲ್ಲೇ. ಅವನು ಊರುಗೋಲು ಎತ್ತುತ್ತಾನೆ. ನಿಮ್ಮ ಹೆಬ್ಬೆರಳು ಅಭ್ಯಾಸಬಲದಿಂದ ತಪ್ಪಿಸಿಕೊಳ್ಳುವ ಬಟನ್ ಒತ್ತುತ್ತದೆ. ಅವನೋ, ಎತ್ತಿದ ಕೋಲನ್ನು ಹಾಗೇ ಹಿಡಿದು ನಿಂತಿರುತ್ತಾನೆ. ನೀವು ಉರುಳಿ ಎದ್ದು ನಿಂತ ಗಳಿಗೆಗೆ ಸರಿಯಾಗಿ ಏಟು ಬೀಳುತ್ತದೆ. ಅನ್ಯಾಯ ಎನಿಸುತ್ತದೆ. ಆದರೆ ಎಂಟು ಹತ್ತು ಸಲ ಸತ್ತ ಮೇಲೆ ಕಣ್ಣು ಕೋಲನ್ನು ಬಿಟ್ಟು ಅವನ ಭುಜವನ್ನು ನೋಡಲು ಕಲಿತಿರುತ್ತದೆ. ಇಷ್ಟು ಕಲಿತವರಿಗೆ ಮುಂದಿನ ಅರ್ಧ ಗೇಮ್ ದಕ್ಕಿದ ಹಾಗೆ. ಕಲಿಯುವ ತಾಳ್ಮೆ ಇಲ್ಲದವರಿಗೂ ದಾರಿಗಳಿವೆ. ದಕ್ಷಿಣದ ವೀಪಿಂಗ್ ಪೆನಿನ್ಸುಲಾದಲ್ಲಿ ಸುತ್ತಾಡಿ ಲೆವೆಲ್ ಹೆಚ್ಚಿಸಿಕೊಂಡು ಬರಬಹುದು. ಬಾಗಿಲ ಬಳಿ ನೆಲದಲ್ಲಿ ಹೊಳೆಯುವ ಗುರುತು ಮುಟ್ಟಿ ರೋಜಿಯರ್ ಎಂಬ ಮಾಂತ್ರಿಕನನ್ನು ಜೊತೆಗೆ ಕರೆಯಬಹುದು. ಗಂಟೆ ಬಾರಿಸಿ ತೋಳಗಳ ಪ್ರೇತಗಳನ್ನು ಛೂ ಬಿಡಬಹುದು. ಇದ್ಯಾವುದೂ ಬೇಡವೆಂದರೆ ಕೋಟೆಯ ಪಕ್ಕದ ಬಂಡೆಯಂಚಿನಲ್ಲೊಂದು ಕಿರುದಾರಿ ಇದೆ. ಮಾರ್ಗಿಟ್‌ನ ಮುಖವನ್ನೇ ನೋಡದೆ ಆಚೆಯ ಲಿಯುರ್ನಿಯ ಸರೋವರ ಸೀಮೆಗೆ ಇಳಿದುಬಿಡಬಹುದು. ‘ಹೀಗೆಲ್ಲ ಗೆದ್ದರೆ ಗೆದ್ದಂತಲ್ಲ’ ಎನ್ನುವ ಶುದ್ಧಾಚಾರದವರು ಎಲ್ಲ ಕಡೆ ಇರುತ್ತಾರೆ. ಕೇಳಿಸಿಕೊಳ್ಳಬೇಡಿ. ಗೇಮ್ ಮಾಡಿದವರೇ ಇಟ್ಟ ದಾರಿಗಳಿವು.

ಕೊಳ್ಳುವ ಮುನ್ನ

ಪಿಸಿಯಲ್ಲಿ ಆಡುವವರು ಕನಿಷ್ಠ ಬೇಡಿಕೆ ನೋಡಿಕೊಳ್ಳಿ: 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಅಥವಾ ಆರ್‌ಎಕ್ಸ್ 580 ಮಟ್ಟದ ಗ್ರಾಫಿಕ್ಸ್ ಕಾರ್ಡ್, 60 ಜಿಬಿ ಜಾಗ. ಆಫೀಸ್ ಕೆಲಸಕ್ಕೆ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಆಗದ ಮಾತು. ಕೀಬೋರ್ಡ್‌ನಲ್ಲೂ ಆಡಬಹುದು, ಆದರೆ ಕಂಟ್ರೋಲರ್ ಇದ್ದರೆ ಅರ್ಧ ಕಷ್ಟ ಕಡಿಮೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಸಿಗುತ್ತದೆ. ನಿಮ್ಮ ಯಂತ್ರ ತಡೆಯುತ್ತದೋ ಇಲ್ಲವೋ ನೋಡಲು ಆ ಎರಡು ಗಂಟೆ ಸಾಕು, ಗೇಮ್ ನಿಮಗೆ ಒಗ್ಗುತ್ತದೋ ತಿಳಿಯಲು ಸಾಲದು. ರಿಯಾಯಿತಿ ಮಾರಾಟ ವರ್ಷದಲ್ಲಿ ಹಲವು ಸಲ ಬರುತ್ತದೆ, ಕಾಯಿರಿ. ಈ ಗೇಮ್ ಎಲ್ಲೂ ಓಡಿಹೋಗುವುದಿಲ್ಲ. ರಕ್ತಪಾತ ಧಾರಾಳವಾಗಿರುವುದರಿಂದ ಮಕ್ಕಳಿಗೆಂದು ತರಬೇಡಿ.

ಮನೆಯವರ ನಡುವೆ ಕೂತು ಆಡುವವರಿಗೆ ಮುಖ್ಯವಾದ ವಿಷಯ: ಇಲ್ಲಿ ಪಾಜ್ ಬಟನ್ ಇಲ್ಲ. ಮೆನು ತೆರೆದರೂ ಶತ್ರು ನಿಲ್ಲುವುದಿಲ್ಲ. ಗ್ಯಾಸ್ ಸಿಲಿಂಡರಿನವನು ಬೆಲ್ ಒತ್ತಿದ, ಅಮ್ಮ ಊಟಕ್ಕೆ ಕರೆದರು ಎಂದರೆ ‘ಒಂದು ನಿಮಿಷ’ ಎನ್ನುವುದರಲ್ಲಿ ಸತ್ತಿರುತ್ತೀರಿ. ಪರಿಹಾರ ಸುಲಭ. ಮೆನುವಿನಿಂದ ಗೇಮ್ ಬಿಟ್ಟು ಹೊರಬನ್ನಿ. ಮತ್ತೆ ತೆರೆದಾಗ ಬಿಟ್ಟ ಜಾಗದಲ್ಲೇ ನಿಂತಿರುತ್ತೀರಿ. ಬಾಸ್ ಜೊತೆಗಿನ ಕಾಳಗದ ನಡುವೆ ಹೀಗೆ ಮಾಡಿದರೆ ಮಾತ್ರ ಬಾಗಿಲ ಹೊರಗಿಂದ ಹೊಸದಾಗಿ ಶುರು. ಹಾಗೆ ನೋಡಿದರೆ ಎಲ್ಲಿ ಬೇಕೆಂದರಲ್ಲಿ ಬಿಟ್ಟೇಳುವ ಸೌಕರ್ಯ ಇದು. ಅರ್ಧ ಗಂಟೆ ಬಿಡುವಿದ್ದರೂ ಆಡಲು ಸಾಧ್ಯ.

ಭಾಷೆಯ ಮಾತು. ಕನ್ನಡ ಬಿಡಿ, ಹಿಂದಿಯ ಸಬ್‌ಟೈಟಲ್ ಕೂಡ ಇಲ್ಲ. ಇಂಗ್ಲಿಷೂ ಹಳೇ ಕಾಲದ್ದು, ಬಳುಕಿನದ್ದು. ಅದಕ್ಕಿಂತ ಹೆಚ್ಚಾಗಿ, ಕಥೆಯನ್ನು ಯಾರೂ ನೇರವಾಗಿ ಹೇಳುವುದೇ ಇಲ್ಲ. ಕತ್ತಿ, ಉಂಗುರ, ಹರಿದ ಅಂಗಿಯ ವಿವರಣೆಯಲ್ಲಿ ಎರಡೆರಡು ಸಾಲು ಚದುರಿಸಿಟ್ಟಿದ್ದಾರೆ. ಮಿಯಾಝಾಕಿ ಬಾಲ್ಯದಲ್ಲಿ ಪಾಶ್ಚಾತ್ಯ ಅದ್ಭುತ ಕಥೆಗಳ ಪುಸ್ತಕಗಳನ್ನು ಓದುತ್ತ, ಅರ್ಥವಾಗದ ಭಾಗಗಳನ್ನು ಚಿತ್ರ ನೋಡಿ ತಾವೇ ಕಲ್ಪಿಸಿಕೊಂಡು ತುಂಬಿಸುತ್ತಿದ್ದರಂತೆ. ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರ ಗೇಮ್‌ಗಳು ಬೇಕೆಂದೇ ಅರ್ಧ ಅರ್ಥವಾಗುವ ಹಾಗಿವೆ. ಇಂಗ್ಲಿಷ್ ಕಾದಂಬರಿಯನ್ನು ಡಿಕ್ಷನರಿ ಇಲ್ಲದೆ ಅಂದಾಜಿನ ಮೇಲೆ ಓದಿ ಬೆಳೆದ ನಮ್ಮಂಥವರಿಗೆ ಇದೇನೂ ಹೊಸದಲ್ಲ. ಕಥೆ ಪೂರ್ತಿ ತಿಳಿಯಲೇಬೇಕು ಎನ್ನುವವರು ಮಾತ್ರ ‘ವಿಚರ್’ ಕಡೆ ಹೋಗಿ.

ಮೊದಲ ಹತ್ತು ಗಂಟೆ

ಶುರುವಿನಲ್ಲಿ ಪಾತ್ರದ ವರ್ಗ ಆರಿಸಲು ಹೇಳುತ್ತದೆ. ಗುರಾಣಿ ಹಿಡಿದು ನಿಧಾನವಾಗಿ ಆಡುವವರಿಗೆ ವ್ಯಾಗಬಾಂಡ್, ದೂರದಿಂದಲೇ ಮುಗಿಸುವ ಆಸೆಯವರಿಗೆ ಆಸ್ಟ್ರಾಲಜರ್, ಎರಡೂ ಬೇಕೆಂದರೆ ಬಿಲ್ಲು ಕತ್ತಿ ಎರಡೂ ಇರುವ ಸಮುರಾಯ್. ರೆಚ್ ಎಂಬ ವರ್ಗವನ್ನು ಆಸೆಪಟ್ಟೂ ಮುಟ್ಟಬೇಡಿ. ಮೈಮೇಲೆ ಬಟ್ಟೆಯೂ ಇಲ್ಲದೆ ಒಂದು ದೊಣ್ಣೆ ಕೊಟ್ಟು ಕಳಿಸುತ್ತಾರೆ.

ಬಯಲಿನಲ್ಲಿ ಅಲ್ಲಲ್ಲಿ ಹೊಂಬೆಳಕಿನ ಎಳೆಗಳು ನೆಲದಿಂದ ಏಳುತ್ತವೆ. ಅವೇ ಗ್ರೇಸ್ ತಾಣಗಳು: ಕೂತು ದಣಿವಾರಿಸಿಕೊಳ್ಳುವ, ಮತ್ತೆ ಹುಟ್ಟುವ ಜಾಗ. ಬಯಲಿನ ಮೂರು ತಾಣಗಳಲ್ಲಿ ಕೂತರೆ ಮೆಲಿನಾ ಎಂಬಾಕೆ ಬಂದು ಲೆವೆಲ್ ಏರಿಸುವ ಅವಕಾಶವನ್ನೂ ಟೊರೆಂಟ್ ಎಂಬ ಕುದುರೆಯನ್ನೂ ಕೊಡುತ್ತಾಳೆ. ಆಮೇಲೆ ಮೊದಲು ಸಿಕ್ಕ ಆ ಪಾಳು ಚರ್ಚಿಗೇ ಮರಳಿದರೆ ರೆನ್ನಾ ಎಂಬ ಮಾಟಗಾತಿ ತೋಳಗಳನ್ನು ಕರೆಯುವ ಗಂಟೆ ಕೊಡುತ್ತಾಳೆ. ಇವೆರಡು ಕೈಗೆ ಬರುವ ತನಕ ಬೇರೆ ಸಾಹಸ ಬೇಡ. ಗಂಟೆಯ ವಿಷಯ ತಿಳಿಯದೆಯೇ ಮಾರ್ಗಿಟ್ ಜೊತೆ ತಲೆ ಚಚ್ಚಿಕೊಂಡವರು ಎಷ್ಟೋ ಮಂದಿ.

ಸತ್ತರೆ ಗಳಿಸಿದ ರೂನ್‌ಗಳೆಲ್ಲ, ಅಂದರೆ ಲೆವೆಲ್ ಏರಿಸಲು ಖರ್ಚು ಮಾಡುವ ಗೇಮ್‌ನ ಹಣವೆಲ್ಲ, ಸತ್ತ ಜಾಗದಲ್ಲೇ ಬೀಳುತ್ತವೆ. ಮರಳಿ ಹೋಗಿ ಆರಿಸಿಕೊಳ್ಳಬಹುದು, ದಾರಿಯಲ್ಲಿ ಮತ್ತೆ ಸತ್ತರೆ ಹೋದ ಹಾಗೇ. ಕೇಳಲು ಕ್ರೂರ, ಆದರೆ ಕಳೆದುಹೋಗುವುದು ಇನ್ನೂ ಖರ್ಚಾಗದ ರೂನ್ ಮಾತ್ರ. ಆಯುಧ, ಲೆವೆಲ್, ಕಂಡುಹಿಡಿದ ಜಾಗ ಯಾವುದೂ ಹೋಗುವುದಿಲ್ಲ. ಬಾಸ್ ಬಾಗಿಲಿಗೆ ಹೋಗುವ ಮುಂಚೆ ಕೈಯಲ್ಲಿದ್ದುದನ್ನೆಲ್ಲ ಲೆವೆಲ್‌ಗೆ ಸುರಿದು ಬರಿಗೈಯಲ್ಲಿ ಹೋಗುವುದು ಜಾಣತನ. ಆ ಲೆವೆಲ್‌ಗಳನ್ನು ಮೊದಮೊದಲು ವಿಗರ್‌ಗೆ, ಅಂದರೆ ಜೀವಬಲಕ್ಕೆ ಹಾಕಿ. ಹೊಸಬರು ಹೊಡೆತದ ಬಲ ಹೆಚ್ಚಿಸಿಕೊಂಡು ಒಂದೇ ಏಟಿಗೆ ಸಾಯುತ್ತಿರುತ್ತಾರೆ. ಹೊಡೆತದ ಬಲ ಬರುವುದು ಮುಖ್ಯವಾಗಿ ಆಯುಧವನ್ನು ಹದ ಮಾಡಿಸುವುದರಿಂದ. ಆ ಚರ್ಚಿನಲ್ಲೇ ಇರುವ ಅಡಿಗಲ್ಲಿನ ಮೇಲೆ ಮೂರು ಹಂತದ ತನಕ ನೀವೇ ಮಾಡಿಕೊಳ್ಳಬಹುದು.

ಲಿಮ್‌ಗ್ರೇವ್‌ನ ಸರೋವರದ ಬಳಿಯ ಸುಟ್ಟ ಪಾಳುಮನೆಗಳ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಎದ್ದು ನಿಮ್ಮನ್ನು ಕೇಲಿಡ್ ಎಂಬ ಕೊಳೆತ ಕೆಂಪು ಸೀಮೆಯ ಗಣಿಯೊಳಗೆ ಎಸೆಯುತ್ತದೆ. ಅಲ್ಲಿಂದ ಹೊರಬರುವ ತನಕ ಮ್ಯಾಪ್ ಬಳಸಿ ಬೇರೆಡೆ ಹಾರಲೂ ಆಗದು. ಗಾಬರಿ ಬೇಡ, ಹೊಡೆದಾಡದೆ ಬಾಗಿಲು ಹುಡುಕಿ ಓಡಿ. ಇದನ್ನು ಮುಂಚೆಯೇ ಹೇಳಿ ತಮಾಷೆ ಕೆಡಿಸಿದೆ ಎಂದು ಬೈಯುವವರೂ ಇದ್ದಾರು. ಆದರೆ ವಾರದ ಐದು ಗಂಟೆಯಲ್ಲಿ ಒಂದೂವರೆ ಗಂಟೆ ಆ ಗಣಿಯಲ್ಲೇ ಕಳೆದುಹೋದರೆ ಅದು ತಮಾಷೆ ಎನಿಸಲಾರದು.

ಯೂಟ್ಯೂಬ್ ನೋಡಬಹುದೇ? ಧಾರಾಳವಾಗಿ, ಆದರೆ ಎಲ್ಲಕ್ಕೂ ಅಲ್ಲ. ಕೆಲವು ಪಾತ್ರಗಳ ಕಥೆ ಮುಂದುವರಿಯಬೇಕಾದರೆ ಅವರು ಸುಳಿವೇ ಕೊಡದೆ ಎದ್ದುಹೋದ ಯಾವುದೋ ಮೂಲೆಯನ್ನು ನೀವು ಪತ್ತೆ ಹಚ್ಚಬೇಕು. ರಾನ್ನಿ ಎಂಬ ನೀಲಿ ಬೊಂಬೆಯ ಕಥೆ, ಮಿಲಿಸೆಂಟ್ ಎಂಬಾಕೆಯ ಕಥೆ ಎರಡೂ ಹೀಗೇ. ಮಾಹಿತಿ ನೋಡದೆ ಮುಗಿಸುವುದು ದುಸ್ತರ. ನಾಚಿಕೆ ಬಿಟ್ಟು ನೋಡಿ. ಬಾಸ್‌ಗಳ ವಿಡಿಯೊ ಮಾತ್ರ ಮುಂಚಿತವಾಗಿ ನೋಡಬೇಡಿ, ಆ ಕಲಿಕೆಗಾಗಿಯೇ ತಾನೇ ಇಷ್ಟು ಸಮಯ ಕೊಡುತ್ತಿರುವುದು. ಇಂಟರ್‌ನೆಟ್ ಜೋಡಿಸಿದ್ದರೆ ಬೇರೆ ಆಟಗಾರರು ನೆಲದ ಮೇಲೆ ಬರೆದಿಟ್ಟ ಸಂದೇಶಗಳು ಕಾಣುತ್ತವೆ. ‘ಮುಂದೆ ಹೊಂಚು ಹಾಕಿದ್ದಾರೆ’ ಎಂದು ಎಚ್ಚರಿಸುವವರಿರುತ್ತಾರೆ, ಆಮೆಯ ಮುಂದೆ ‘ನಾಯಿ’ ಎಂದು ಬರೆದು ಹೋಗುವ ಕಿಡಿಗೇಡಿಗಳೂ ಇರುತ್ತಾರೆ. ಅಪರಿಚಿತರು ನುಗ್ಗಿ ಕೊಲ್ಲುತ್ತಾರೆ ಎಂಬ ಭಯವಿದ್ದರೆ, ನೀವಾಗಿ ಬೇರೆ ಆಟಗಾರರನ್ನು ನೆರವಿಗೆ ಕರೆಯದಿದ್ದರೆ ಆಯಿತು.

ಫಲ ಏನು?

ಲಿಮ್‌ಗ್ರೇವ್‌ನ ಪೂರ್ವಕ್ಕೆ ಮಂಜಿನ ಕಾಡು. ಅದರೊಳಗೆ ಸಣ್ಣ ಕಲ್ಲಿನ ಕಟ್ಟಡ, ನಡುವೆ ಒಂದು ಲಿಫ್ಟ್. ಯಾವುದೋ ಸಣ್ಣ ನೆಲಮಾಳಿಗೆ ಇರಬೇಕೆಂದುಕೊಂಡು ಹತ್ತುತ್ತೀರಿ. ಇಳಿಯುತ್ತದೆ. ಇನ್ನೂ ಇಳಿಯುತ್ತದೆ. ಗೋಡೆಗಳು ಮೇಲೆ ಸರಿಯುತ್ತಲೇ ಇರುತ್ತವೆ, ಗೇಮ್ ಎಲ್ಲೋ ಕೆಟ್ಟಿದೆಯೇನೋ ಎಂಬ ಅನುಮಾನ ಬರುವಷ್ಟು ಹೊತ್ತು. ಕೊನೆಗೆ ಹೊರಗೆ ಕಾಲಿಟ್ಟರೆ ನೆಲದಡಿಯಲ್ಲಿ ಇನ್ನೊಂದು ಆಕಾಶ: ನೇರಳೆ ಕತ್ತಲು, ತುಂಬ ನಕ್ಷತ್ರ, ಕೆಳಗೆ ಸಿಯೋಫ್ರ ನದಿ, ಬಿದ್ದ ಕಂಬಗಳ ನಗರ. ಮ್ಯಾಪ್‌ನಲ್ಲಿ ಈ ಜಾಗದ ಸುಳಿವಿರಲಿಲ್ಲ, ಯಾವ ಪಾತ್ರವೂ ಹೋಗು ಎಂದಿರಲಿಲ್ಲ. ಇಷ್ಟು ದೊಡ್ಡದನ್ನು ಕಟ್ಟಿ, ನೀವು ನೋಡದೆ ಹೋದರೂ ಪರವಾಗಿಲ್ಲ ಎಂದು ಬಿಟ್ಟಿದ್ದಾರಲ್ಲ, ಆ ಧಾರಾಳತನಕ್ಕೆ ನಾನು ಮಾರುಹೋದೆ. ಚುಕ್ಕಿ ಅಳಿಸುವ ಗೇಮ್‌ಗಳಲ್ಲಿ ಇದು ಸಿಗುವುದಿಲ್ಲ, ಎಲ್ಲವನ್ನೂ ತೋರಿಸಿಯೇ ತೀರಬೇಕೆಂಬ ಹಟ ಅವಕ್ಕೆ.

ಇಂಥ ಗಳಿಗೆಗಳು ಮೊದಲ ಮೂವತ್ತು ನಲವತ್ತು ಗಂಟೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ: ಲಿಯುರ್ನಿಯದ ನೀರಿನ ನಡುವಿನ ಮಾಂತ್ರಿಕ ವಿದ್ಯಾಲಯ, ಚಿನ್ನದ ಮರದಡಿಯ ರಾಜಧಾನಿ ಲೇಂಡೆಲ್. ಲೇಂಡೆಲ್ ದಾಟಿದ ಮೇಲೆ ಮಾತು ಬದಲಾಗುತ್ತದೆ. ಹಿಮಬೆಟ್ಟಗಳ ಸೀಮೆ ವಿಶಾಲ, ಆದರೆ ಬೋಳು. ಈಗಾಗಲೇ ಸೋಲಿಸಿದ ಬಾಸ್‌ಗಳೇ ಹೆಚ್ಚು ಬಲ ತುಂಬಿಕೊಂಡು ಮತ್ತೆ ಎದುರಾಗುತ್ತಾರೆ, ನೆಲದಡಿಯ ಸಮಾಧಿಗಳು ಒಂದರ ನಕಲು ಇನ್ನೊಂದು ಎನಿಸುತ್ತವೆ. ಕಷ್ಟವೂ ಇಲ್ಲಿಂದ ಕಲಿಸುವುದನ್ನು ಬಿಟ್ಟು ಬರೀ ಕಾಡುತ್ತದೆ. ಇದರ ತುದಿ ಮಲೇನಿಯ: ತಾನು ಹೊಡೆದ ಪ್ರತಿ ಏಟಿಗೂ ತನ್ನ ಗಾಯವನ್ನೇ ಮಾಯಿಸಿಕೊಳ್ಳುವವಳು. ನೀವು ಗುರಾಣಿ ಅಡ್ಡ ಹಿಡಿದರೂ ಅವಳಿಗೆ ಜೀವ ತುಂಬುತ್ತದೆ. ಅದೃಷ್ಟಕ್ಕೆ ಅವಳನ್ನು ಗೆಲ್ಲದೆಯೂ ಕಥೆ ಮುಗಿಯುತ್ತದೆ. ಅವಳಿಗೆಂದು ವಾರಗಟ್ಟಲೆ ಕೂರುವವರ ಹಟವನ್ನು ಮೆಚ್ಚುತ್ತೇನೆ, ಅನುಸರಿಸಿ ಎಂದು ಹೇಳಲಾರೆ. 2024ರ ಜೂನ್ 21ರಂದು ಬಂದ ‘ಶ್ಯಾಡೊ ಆಫ್ ದಿ ಎರ್ಡ್‌ಟ್ರೀ’ ಎಂಬ ವಿಸ್ತರಣೆಯನ್ನೂ ಮೂಲ ಗೇಮ್ ಜೊತೆಗೇ ಕೊಳ್ಳಬೇಡಿ. ರಾಡಾನ್ ಮತ್ತು ಮೋಗ್ ಎಂಬ ಬಾಸ್‌ಗಳಿಬ್ಬರನ್ನೂ ಗೆದ್ದವರಿಗಷ್ಟೇ ಅದರ ಬಾಗಿಲು ತೆರೆಯುವುದು, ಅಲ್ಲಿಯ ತನಕ ಹಣ ಸುಮ್ಮನೆ ಕೂತಿರುತ್ತದೆ.

ಹಾಗಾಗಿ ನನ್ನ ಸಲಹೆ: ಆಡಿ, ಆದರೆ ಮುಗಿಸುವ ಹರಕೆ ಹೊರಬೇಡಿ. ಲೇಂಡೆಲ್ ತನಕ ಹೋಗಿ ನಿಲ್ಲಿಸಿದವರು ಈ ಗೇಮ್‌ನ ಒಳ್ಳೆಯ ಭಾಗವನ್ನು ಬಹುಪಾಲು ನೋಡಿಯೇ ಇರುತ್ತಾರೆ. ‘ಇಷ್ಟು ಗಂಟೆ ಹಾಕಿದ್ದೇನೆ, ಈಗ ಬಿಟ್ಟರೆ ಹೇಗೆ’ ಎಂಬ ಯೋಚನೆ ಬಂದ ರಾತ್ರಿಯೇ ಬಿಡಲು ಒಳ್ಳೆಯ ಮುಹೂರ್ತ.

ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗಳು, ಬೆರಳು ಮಣಿಕಟ್ಟಿನ ನೋವಿರುವವರು, ಸೋತರೆ ಸಿಟ್ಟು ಮನೆಯವರ ಮೇಲೆ ತಿರುಗುವ ಸ್ವಭಾವದವರು ಇದಕ್ಕೆ ಕೈ ಹಾಕದಿರುವುದು ಕ್ಷೇಮ. ಅಲೆದಾಡುವ ಸುಖ ಮಾತ್ರ ಬೇಕೆಂದರೆ 2019ರ ‘ಎ ಶಾರ್ಟ್ ಹೈಕ್’ ಇದೆ. ಒಂದು ಗುಡ್ಡ, ಒಂದು ಹಕ್ಕಿ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಕಷ್ಟ ಬೇಕು, ಆದರೆ ಬೆರಳಿಗಲ್ಲ, ತಲೆಗೆ ಎನ್ನುವವರಿಗೆ ಅದೇ ವರ್ಷದ ‘ಔಟರ್ ವೈಲ್ಡ್ಸ್’. ಪುಟ್ಟ ಸೌರಮಂಡಲ, 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿನಿಂದ ಶುರು, ಉಳಿಯುವುದು ನೀವು ತಿಳಿದುಕೊಂಡಿದ್ದು ಮಾತ್ರ. ಲೆವೆಲ್ ಇಲ್ಲ, ಆಯುಧ ಇಲ್ಲ. ಸಮಯದ ಲೆಕ್ಕದಲ್ಲಿ ಎಲ್ಡನ್ ರಿಂಗ್‌ಗಿಂತ ಅದೇ ಮೇಲು ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ.

ಎಲ್ಡನ್ ರಿಂಗ್ ಆಗಲೇ ಕೊಂಡಾಗಿದ್ದರೆ ಸ್ಟಾರ್ಮ್‌ವೇಲ್ ಕೋಟೆಯನ್ನೇ ಪರೀಕ್ಷೆ ಎಂದುಕೊಳ್ಳಿ. ಮಾರ್ಗಿಟ್‌ನನ್ನು ದಾಟಿ, ಕೋಟೆಯ ಛಾವಣಿ ಅಟ್ಟಗಳಲ್ಲಿ ಅಲೆದು, ಒಳಗಿನ ಗಾಡ್ರಿಕ್‌ನನ್ನು ಕೆಡವುವ ಹೊತ್ತಿಗೆ ಹೊಸಬರಿಗೆ ಹದಿನೈದು ಇಪ್ಪತ್ತು ಗಂಟೆ ಆಗಿರುತ್ತದೆ. ಆ ಕೋಟೆಯಲ್ಲಿ ಗೇಮ್‌ನ ಎಲ್ಲ ಗುಣವೂ ಇದೆ, ಎಲ್ಲ ಕಾಟವೂ ಇದೆ. ಹಿಂಬಾಗಿಲಿನಿಂದ ಹೊರಬಂದಾಗ ಕಾಣುವ ಸರೋವರಕ್ಕೆ ಇಳಿಯಲು ಕಾಲು ತುರಿಸದಿದ್ದರೆ ಮುಂದಿನ ನಲವತ್ತು ಗಂಟೆಗಳೂ ನಿಮಗೆ ರುಚಿಸಲಾರವು. ಡಿಸ್ಕ್ ಇದ್ದವರು ಹಳೇ ಗೇಮ್ ಕೊಳ್ಳುವವರಿಗೆ ಮಾರಿ, ಹೆಸರಿರುವ ಗೇಮ್ ಆದ್ದರಿಂದ ಗಿರಾಕಿ ಬೇಗ ಸಿಗುತ್ತಾರೆ. ಸ್ಟೀಮ್‌ನಲ್ಲಿ ಕೊಂಡವರು ಅನ್‌ಇನ್‌ಸ್ಟಾಲ್ ಮಾಡಿ. ಖಾಲಿಯಾಗುವ 60 ಜಿಬಿಯಲ್ಲಿ ಆ ಹಕ್ಕಿ ಮತ್ತು ಆ ಸೌರಮಂಡಲ ಎರಡಕ್ಕೂ ಬೇಕಾದಷ್ಟು ಜಾಗವಿದೆ.